ಹಳೇ ಮುಖದ ವ್ಯಾಗನ್

“ಹೇಳಮ್ಮ ಹಾರನ್, ಯಾವ ಮಾಡೆಲ್ಲು?” ಫೋನಿನಲ್ಲಿ ತಾತ ಕೇಳಿದರು.

“ಎರಡನೇ ಮಾಡೆಲ್ಲು ತಾತ. ವ್ಯಾಗನ್ನು. ವಾಟರ್ ಪಂಪ್ ಬೇಕಂತೆ.”

“ವ್ಯಾಗನ್ನಾ? ಪ್ಲೇಟ್ ನೋಡಿದ್ಯಾ?”

“ನೋಡ್ದೆ.”

ನೋಡಿರಲಿಲ್ಲ. ಕಾರು ಯಾವ ವರ್ಷ ತಯಾರಾದದ್ದು ಎಂದು ಬರೆದ ಸಣ್ಣ ತಗಡಿನ ಪ್ಲೇಟು ಬಾನೆಟ್ಟಿನ ಒಳಗೆ, ಕತ್ತಲ ಮೂಲೆಯಲ್ಲಿರುತ್ತದೆ. ಅದನ್ನು ಓದಲು ಸ್ಟೂಲ್ ಎಳೆಯಬೇಕು, ಟಾರ್ಚ್ ಹುಡುಕಬೇಕು, ಹೊಟ್ಟೆ ಒತ್ತಿ ಬಗ್ಗಬೇಕು. ಯಾರಿಗೆ ಬೇಕು ಆ ಕಾಟ! ಕಾರಿನ ಮುಖ ಎದುರಿಗೇ ಇತ್ತಲ್ಲ. ಮೂಲೆ ದುಂಡಗಿನ ಹೆಡ್‌ಲೈಟು, ನಡುವೆ ಮೂರು ಪಟ್ಟಿ. ಎರಡನೇ ಮಾಡೆಲ್ ಅಂತ ಹೇಳಲು ಪ್ಲೇಟ್ ಬೇರೆ ಕೇಡು!

ಹಾರನ್ ಅವಳ ನಿಜವಾದ ಹೆಸರಲ್ಲ ಬಿಡಿ. ಹುಟ್ಟಿದ ದಿನ ಅವಳು ಅತ್ತದ್ದನ್ನು ಕೇಳಿ ತಾತ ಇಟ್ಟ ಹೆಸರು. ಅವರೂ ಸ್ವಂತ ತಾತ ಅಲ್ಲ. ಎರಡು ಬೀದಿ ಆಚೆ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡವರು.

ಅವಳ ಅಮ್ಮ ಮೆಕ್ಯಾನಿಕ್. ಅಮ್ಮನ ಗ್ಯಾರೇಜಿಗೆ ಬರುವುದು ಒಂದೇ ಜಾತಿಯ ಕಾರು. ಜಪಾನಿನವರು ಮಾಡಿದ್ದು, ಬಲು ದೊಡ್ಡದೂ ಅಲ್ಲ, ಬಲು ಸಣ್ಣದೂ ಅಲ್ಲ, ಒಂದು ಸಂಸಾರ ಆರಾಮಾಗಿ ಕೂರುವಂಥದ್ದು. ಅದರ ವಂಶಾವಳಿ ಪೂರ್ತಿ ಹಾರನ್‌ಗೆ ಬಾಯಿಪಾಠ. ಮೊದಲ ಮಾಡೆಲ್ಲು ಸೋಪಿನ ಪೆಟ್ಟಿಗೆಯ ಹಾಗೆ ಚೌಕ. ಎರಡನೆಯದಕ್ಕೆ ಮೂಲೆಗಳು ದುಂಡಗಾದವು. ಮೂರನೆಯದು ಉದ್ದವಾಯಿತು, ಎಂಜಿನ್ನೂ ಹೊಸದು ಬಂತು. ನಾಲ್ಕನೆಯದು ದಪ್ಪಗಾಯಿತು. “ಮದುವೆಯಾದ್ಮೇಲೆ ಎಲ್ಲರೂ ಹೀಗೇ” ಎಂದು ತಾತ ತಮ್ಮ ಹೊಟ್ಟೆ ತಟ್ಟಿಕೊಂಡು ನಗುತ್ತಿದ್ದರು.

ಒಂದೊಂದು ಮಾಡೆಲ್ಲಿನಲ್ಲೂ ಮತ್ತೆ ಮೂರು ತರ. ಹಿಂದೆ ಡಿಕ್ಕಿ ಇರುವ ಸೆಡಾನ್, ಮೋಟು ಬೆನ್ನಿನ ಹ್ಯಾಚ್‌ಬ್ಯಾಕ್, ಸಾಮಾನು ತುಂಬಲು ಉದ್ದ ಬೆನ್ನಿನ ವ್ಯಾಗನ್. ಇದನ್ನೆಲ್ಲ ಅವಳಿಗೆ ಕಲಿಸಿದ್ದು ತಾತನೇ, ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು.

ಆದರೆ ಎಷ್ಟು ಗೊತ್ತಿದ್ದರೇನು? ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು “ಪಾಪು, ಪಕ್ಕಕ್ಕೆ ನಿಂತ್ಕೋ” ಎನ್ನುವವರೇ. ತನ್ನನ್ನೂ ಮೆಕ್ಯಾನಿಕ್ ಅಂತ ಯಾರಾದರೂ ಲೆಕ್ಕಕ್ಕೆ ತಗೊಳ್ಳಬೇಕು ಎಂಬುದೇ ಅವಳ ಆಸೆ. ಇವತ್ತು ಶನಿವಾರ, ಅಮ್ಮನಿಗೆ ಕೈತುಂಬ ಕೆಲಸ. “ಪ್ಲೇಟ್ ನೋಡ್ಕೊಂಡು ತಾತಂಗೆ ನೀನೇ ಫೋನ್ ಮಾಡೇ” ಎಂದಿದ್ದಳು. ಇದೇ ಮೊದಲ ಸಲ!

ವ್ಯಾಗನ್ ಟೈಲರ್ ಅಂಕಲ್‌ದು. ಅವರ ಅಮ್ಮನಿಗೆ ನಡೆಯಲು ಆಗುವುದಿಲ್ಲ. ಮಡಚಲು ಬಾರದ ಅವರ ವೀಲ್‌ಚೇರು ಹಿಡಿಸುವುದು ಈ ಕಾರಿನಲ್ಲಿ ಮಾತ್ರ. ನಾಳೆ ಬೆಳಿಗ್ಗೆ ಆ ಅಜ್ಜಿಯನ್ನು ದೂರದ ಊರಿಗೆ, ಅಜ್ಜಿಯ ಅಕ್ಕನ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಅಕ್ಕನಿಗೆ ತುಂಬಾ ಹುಷಾರಿಲ್ಲ. ನೀರು ಸುತ್ತಿಸುವ ಪಂಪು ಕೆಟ್ಟರೆ ಎಂಜಿನ್ ಕಾದು ಕೆಂಡವಾಗುತ್ತದೆ, ಕಾರು ಬೀದಿಯ ಕೊನೆಯನ್ನೂ ಮುಟ್ಟುವುದಿಲ್ಲ.

ಪಂಪು ಬಂದಾಗ ಸಂಜೆಯಾಗಿತ್ತು. ಅಮ್ಮ ಅದನ್ನು ಎಂಜಿನ್ನಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು.

“ಇದೇನಿದು? ತೂತುಗಳೇ ಕೂಡ್ತಾ ಇಲ್ಲ!”

ಅಮ್ಮ ಟಾರ್ಚ್ ಹಾಕಿ ಪ್ಲೇಟ್ ಓದಿದಳು. ಮೂರನೇ ಮಾಡೆಲ್ ಕಾಲದ್ದು!

“ಮತ್ತೆ ಮುಖ ಎರಡನೇದರ ತರ ಇದೆ?” ಎಂದರು ಟೈಲರ್ ಅಂಕಲ್.

“ಮೂರನೇದು ಬಂದಾಗ ಸೆಡಾನ್‌ಗೆ ಮಾತ್ರ ಹೊಸ ಮೈ ಕೊಟ್ರು ಅಂಕಲ್. ವ್ಯಾಗನ್‌ಗೆ ಇನ್ನೂ ಎರಡು ವರ್ಷ ಹಳೇದೇ. ಒಳಗೆ ಎಂಜಿನ್ ಮಾತ್ರ ಹೊಸದು. ಅಣ್ಣನ ಹಳೇ ಶರ್ಟ್ ತಮ್ಮ ಹಾಕ್ಕೊಳ್ಳಲ್ವಾ, ಹಾಗೆ” ಎಂದು ಅಮ್ಮ ಫೋನ್ ಎತ್ತಿ ಸ್ಪೀಕರಿಗೆ ಹಾಕಿದಳು. “ಏನ್ ತಾತ ಇದು! ಮಗು ಪ್ಲೇಟ್ ನೋಡಿ ಹೇಳಿದ್ರೂ ಎರಡನೇದರ ಪಂಪು ಕಳ್ಸಿದೀರಲ್ಲ?”

ಈಗ ತಾತ ಹೇಳಿಬಿಡುತ್ತಾರೆ, ತನ್ನ ಕತೆ ಮುಗಿಯಿತು ಅಂದುಕೊಂಡಳು ಹಾರನ್.

“ಅಯ್ಯೋ, ನನ್ನದೇ ತಪ್ಪಮ್ಮ” ಎಂದರು ತಾತ. “ವಯಸ್ಸಾಯ್ತು ನೋಡು, ಪಕ್ಕದ ಡಬ್ಬಕ್ಕೆ ಕೈ ಹಾಕ್ಬಿಟ್ಟೆ. ಅಂಗಡಿ ಮುಚ್ಚಿದೀನಿ. ಬಾ, ತೆಗೀತೀನಿ.”

ಫೋನ್ ಇಟ್ಟ ಅಮ್ಮ ನಿಟ್ಟುಸಿರು ಬಿಟ್ಟಳು. “ಪಾಪ, ತಾತನ ಕೈಲಿ ಇನ್ನು ಆಗಲ್ಲ ಅನ್ಸತ್ತೆ. ಮುಂದಿನ ವಾರದಿಂದ ದೊಡ್ಡ ಅಂಗಡಿಯಿಂದಲೇ ತರಿಸೋಣ.”

ಹಾರನ್‌ಗೆ ತಪ್ಪಿಸಿಕೊಂಡೆ ಎಂದು ಒಂದು ಗಳಿಗೆ ಹಾಯೆನಿಸಿತ್ತು, ನಿಜ. ಆದರೆ ತಾತ? ನಟ್ಟು ನೋಡಿ ಕಾರಿನ ವಯಸ್ಸು ಹೇಳುವ ತಾತ? ಕೈಲಾಗದವರು ಅವರಾ? ಅಳು ಒತ್ತಿಕೊಂಡು ಬಂತು.

“ಅಮ್ಮಾ, ತಾತಂದು ತಪ್ಪಿಲ್ಲ. ನಾನು ಪ್ಲೇಟ್ ನೋಡಿರ್ಲಿಲ್ಲ. ನೋಡ್ದೆ ಅಂತ ಸುಳ್ಳು ಹೇಳ್ದೆ.”

ಅಮ್ಮ ಬೈಯುತ್ತಾಳೆ ಅಂದುಕೊಂಡಳು. ಅಮ್ಮ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. ಆಮೇಲೆ, “ಸ್ಕೂಟರ್ ಹತ್ತು. ಇದನ್ನ ತಾತನ ಮುಂದೆ ಹೇಳು” ಎಂದಳು.

ತಾತ ಅರ್ಧ ಶಟರ್ ಎತ್ತಿ, ಸರಿಯಾದ ಪಂಪನ್ನು ಕೌಂಟರಿನ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಹಾರನ್ ತಲೆ ತಗ್ಗಿಸಿ ಎಲ್ಲ ಹೇಳಿದಳು. ಮಧ್ಯೆ ಎರಡು ಸಲ ಮೂಗು ಸೋರಿತು.

“ನೀನು ವ್ಯಾಗನ್ ಅಂದಾಗಲೇ ನಂಗೆ ಡೌಟ್ ಬಂತು” ಎಂದರು ತಾತ. “ಅದಕ್ಕೇ ಪ್ಲೇಟ್ ನೋಡಿದ್ಯಾ ಅಂತ ಕೇಳಿದ್ದು.”

“ಡೌಟ್ ಬಂದ್ರೂ ಯಾಕೆ ಕಳಿಸಿದ್ರಿ?”

ತಾತ ಅವಳನ್ನು ವಿಚಿತ್ರವಾಗಿ ನೋಡಿದರು. “ಯಾಕೆ ಅಂದ್ರೆ? ನೋಡ್ದೆ ಅಂದ್ಯಲ್ಲಮ್ಮ. ನಿಮ್ಮಮ್ಮ ನೋಡ್ದೆ ಅಂದ್ರೆ ನಾನು ಇನ್ನೊಂದ್ಸಲ ಕೇಳ್ತೀನಾ? ನಿನಗೂ ಅಷ್ಟೇ.”

ಹಾರನ್ ಕೌಂಟರಿನ ಮೇಲಿದ್ದ ಪಂಪನ್ನು ಎತ್ತಿಕೊಂಡಳು. ಅಂದರೆ ತಾತ ತನ್ನನ್ನು ಮೆಕ್ಯಾನಿಕ್ ಅಂತಲೇ ಲೆಕ್ಕಕ್ಕೆ ತಗೊಂಡಿದ್ದರು. ಇಷ್ಟು ದಿನ ಬೇಕು ಬೇಕು ಎಂದು ಹಂಬಲಿಸಿದ್ದು ಸಿಕ್ಕಿತ್ತು. ಸಿಕ್ಕ ಗಳಿಗೆಯಲ್ಲೇ ಅವಳು ಅದನ್ನು ಕೈಯಾರೆ ಹಾಳುಮಾಡಿಕೊಂಡಿದ್ದಳು. ವಾಪಸ್ ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಹೊಸ ಪಂಪು ಸರಿಯಾಗಿ ಕೂತಿತು. ಅಮ್ಮ ನೀರು ತುಂಬಿ ಎಂಜಿನ್ ಶುರು ಮಾಡಿದಳು. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಕೈ ತೊಳೆಯಲು ಹೋದಳು.

“ಪಂಪಿನ ಸುತ್ತ ಎಲ್ಲಾದ್ರೂ ಸೋರ್ತಿದ್ಯಾ ನೋಡೇ” ಎಂದು ನಲ್ಲಿಯ ಹತ್ತಿರದಿಂದ ಕೂಗಿದಳು.

ನಿಂತಲ್ಲಿಂದಲೇ ಕಾಣುತ್ತಿತ್ತು. ನೆಲ ಒಣಗಿತ್ತು. ಆದರೂ ಹಾರನ್ ಒಂದು ರಟ್ಟು ಹಾಸಿ ಕಾರಿನ ಕೆಳಗೆ ಅಂಗಾತ ಮಲಗಿದಳು. ಒಣ ಬಟ್ಟೆಯನ್ನು ಪಂಪಿನ ಅಂಚಿಗೆ ಒತ್ತಿ, ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದು ಬದಿ ಒತ್ತಿದಳು. ಆಮೇಲೆ ಪೈಪು ಸೇರುವ ಜಾಗ.

“ಏನಮ್ಮ, ಅಲ್ಲೇ ನಿದ್ದೆ ಹೋದ್ಯಾ?” ಎಂದು ಟೈಲರ್ ಅಂಕಲ್ ನಕ್ಕರು.

“ಇರಿ ಅಂಕಲ್. ಇನ್ನೊಂದು ಕಡೆ ಇದೆ.”

ಕೊನೆಗೆ ತೆವಳಿಕೊಂಡು ಹೊರಗೆ ಬಂದಳು. “ಇಲ್ಲಮ್ಮ. ಒಂದು ಹನೀನೂ ಇಲ್ಲ.”

ಅಮ್ಮ ಟಾರ್ಚ್ ತಗೊಂಡು ಬರುತ್ತಾಳೆ, ತಾನೂ ಬಗ್ಗಿ ನೋಡುತ್ತಾಳೆ ಎಂದು ಹಾರನ್ ಪಕ್ಕಕ್ಕೆ ಸರಿದು ನಿಂತಳು. ಅಮ್ಮ ಬಂದಳು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಬಾನೆಟ್ ಮುಚ್ಚಿ, ಕೀಯನ್ನು ಟೈಲರ್ ಅಂಕಲ್ ಕೈಗೆ ಕೊಟ್ಟಳು.