ನಕ್ಕವನಿಗೊಂದು ರೆಕಾರ್ಡು

"ಮಧ್ಯದಲ್ಲಿ ಬರೀ ಒಂದು ಕಣ್ಣಿನ ಚಿತ್ರ ಇರೋ ರೆಕಾರ್ಡು... ಅದನ್ನ ಮಾಡಿದವರ ಬಗ್ಗೆ ನಿಮಗೇನಾದ್ರೂ ಗೊತ್ತಾ?"

ರೆಕಾರ್ಡು ಅಂಗಡಿಯ ಕೌಂಟರಿನ ಹಿಂದೆ ಹಳೆಯ ರೆಕಾರ್ಡು ಒರೆಸುತ್ತಿದ್ದ ಅವಳ ಕೈ ಹಾಗೇ ನಿಂತಿತು. ಮುಖ ನೋಡುವ ಮೊದಲೇ ಧ್ವನಿಯ ಗುರುತು ಸಿಕ್ಕಿಬಿಟ್ಟಿತ್ತು.

ಅದೇ ಧ್ವನಿ! ರೇಡಿಯೋದವನ ಅದೇ ಸೊಕ್ಕಿನ ಧ್ವನಿ!

ತಲೆ ಎತ್ತಿದಳು. ಇಷ್ಟು ದಿನ ದಪ್ಪ ಮೂಗಿನ, ಡೊಳ್ಳು ಹೊಟ್ಟೆಯ ಒಬ್ಬನನ್ನು ಕಲ್ಪಿಸಿಕೊಂಡು ಬೈಯುತ್ತಿದ್ದಳು, ಪಾಪ. ಎದುರಿಗೆ ನಿಂತವನು ನೋಡಲು ಚೆನ್ನಾಗಿ ಬೇರೆ ಇದ್ದ. ಅದಕ್ಕೂ ಸಿಟ್ಟು ಬಂತು.

"ಗೊತ್ತಿಲ್ಲ. ಯಾಕೆ, ಅವರಿಂದ ಏನಾಗ್ಬೇಕಿತ್ತು?"

"ಸ್ವಲ್ಪ ಮಾತಾಡ್ಬೇಕಿತ್ತು."

'ಇನ್ನೊಂದ್ಸಲ ನಗೋಕಾ?' ಎಂದು ಅವಳು ಒಳಗೊಳಗೇ ಹಲ್ಲು ಕಡಿದಳು.

ಗೊತ್ತಿಲ್ಲ ಎಂದದ್ದು ಶುದ್ಧ ಸುಳ್ಳು. ಆ ರೆಕಾರ್ಡು ಅವಳ ಅಪ್ಪನದು.

ಅರವತ್ತರ ದಶಕದಲ್ಲಿ, ಮೀಸೆ ಚಿಗುರಿದ ಹೊಸದರಲ್ಲಿ, ಅಪ್ಪ ಮೂವರು ಗೆಳೆಯರ ಜೊತೆ ಮಾಡಿದ್ದ ಒಂದೇ ಒಂದು ರಾಕ್ ಆಲ್ಬಂ ಅದು. ಪಲ್ಲವಿಯಿಲ್ಲ, ಚರಣವಿಲ್ಲ. ಉಲ್ಟಾ ತಿರುಗಿಸಿದ ಗಿಟಾರು, ಕತ್ತರಿಸಿ ಅಂಟಿಸಿದ ಟೇಪು, ಹೊಲಿಗೆ ಯಂತ್ರ, ತಂತಿ ಕಿತ್ತ ಪಿಯಾನೋ! ಆ ಕಾಲದ ಹುಡುಗರಿಗೆ ಅಂಥದ್ದೊಂದು ಹುಚ್ಚು ಹಿಡಿದಿತ್ತು. ಯಾರೂ ಕೊಳ್ಳಲಿಲ್ಲ. ಅಪ್ಪ ಪಿಯಾನೋಗಳಿಗೆ ಶ್ರುತಿ ಮಾಡುವ ಕೆಲಸ ಹಿಡಿದರು. ಆಲ್ಬಂ ಕಪಾಟು ಸೇರಿತು. ಮಗಳಿಗೂ ಒಮ್ಮೆಯೂ ಕೇಳಿಸಲಿಲ್ಲ.

ಹೋದ ವರ್ಷ ಅವಳೇ ಕದ್ದು ತೆಗೆದಳು. ಹರಿದುಹೋಗಿದ್ದ ಹಳೆಯ ಕವರನ್ನು ಕಪಾಟಿನಲ್ಲೇ ಬಿಟ್ಟು, ಹೊಸ ಬಿಳಿ ಕವರು ಹಾಕಿ, ಹೆಸರಿಲ್ಲದೆ ರೇಡಿಯೋಗೆ ಕಳಿಸಿದಳು. ಅಪ್ಪನಿಗೆ ಅಚ್ಚರಿ ಆಗಲಿ ಎಂಬ ಆಸೆ. ಕೇಳುಗರು ಕಳಿಸಿದ ರೆಕಾರ್ಡುಗಳನ್ನು ಪ್ರಸಾರ ಮಾಡುವ ದಿನ ಅಪ್ಪನನ್ನು ರೇಡಿಯೋ ಮುಂದೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

ನರಳುವಂಥ, ಗೊರಗುಟ್ಟುವಂಥ ಸದ್ದು ಬಂತು. ಆಮೇಲೆ ಇವನ ಧ್ವನಿ: "ಕೇಳುಗರೇ, ಇದು ಹೊಟ್ಟೆನೋವು ಬಂದ ಎಮ್ಮೆಯ ಆತ್ಮಕಥೆ!" ಎಂದು ನಕ್ಕ... ನಕ್ಕೇ ನಕ್ಕ.

ಅಪ್ಪ ಎದ್ದು ರೇಡಿಯೋ ಆರಿಸಿದರು. ಮಾರನೆಯ ದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಯಾರಾದರೂ ಪಿಯಾನೋ ಕೆಟ್ಟಿದೆ ಎಂದು ಕರೆದರೆ, "ಕಿವಿ ಸರಿಯಿಲ್ಲ" ಎನ್ನುತ್ತಿದ್ದರು. ಅಂಗಡಿಯ ಮೇಲಿನ ಮನೆಯಲ್ಲಿ, ಕಿಟಕಿಯ ಪಕ್ಕ, ಸುಮ್ಮನೆ ಕೂತಿರುತ್ತಿದ್ದರು.

ಅದಕ್ಕಿಂತ ನೋವಿನದು ಇನ್ನೊಂದಿತ್ತು. ಆ ಎಮ್ಮೆಯ ಮಾತಿಗೆ ಅವಳಿಗೂ ಒಂದು ಕ್ಷಣ ನಗು ಉಕ್ಕಿತ್ತು! ಅಪ್ಪ ಅದನ್ನು ನೋಡಿಬಿಟ್ಟರೇನೋ ಎಂಬ ಸಂಕಟಕ್ಕೆ ಇಂದಿಗೂ ಮದ್ದಿರಲಿಲ್ಲ. ತನ್ನ ಮೇಲಿನ ಆ ಸಿಟ್ಟನ್ನೂ ಸೇರಿಸಿ ಇವನ ತಲೆಗೇ ಕಟ್ಟಿದ್ದಳು.

"ಬಿಡಬೇಡ ಅವನನ್ನ!" ಎಂದರು ಅತ್ತೆ, ಅವನು ಅಂಗಡಿಗೆ ಬಂದಿದ್ದನೆಂದು ಕೇಳಿ. ಅಪ್ಪನ ತಂಗಿ, ಬಾಯಿ ಜೋರು. "ಊರಿಗೆಲ್ಲ ಕೇಳೋ ಹಾಗೆ ಮಾನ ಹರಾಜು ಹಾಕು!"

ಉಪಾಯ ಅಲ್ಲೇ ಹುಟ್ಟಿತು. ಬಟ್ಟೆ ಒಗೆಯುವ ಯಂತ್ರದ ಸದ್ದು, ಕಿರುಗುಟ್ಟುವ ಬಾಗಿಲು, ಅತ್ತೆ ಸೀನಿದ್ದು, ಎಲ್ಲವನ್ನೂ ಹಳೆಯ ಟೇಪಿಗೆ ತುಂಬಿದರು. ಅರವತ್ತರ ದಶಕದ ಕಳೆದುಹೋದ ಆಲ್ಬಂ ಎಂದು ಹೇಳಿ ರೇಡಿಯೋ ನೇರ ಪ್ರಸಾರದಲ್ಲಿ ಅವನ ಬಾಯಲ್ಲೇ ಹೊಗಳಿಸಬೇಕು. ಆಮೇಲೆ ಸತ್ಯ ಹೇಳಬೇಕು!

ಅದಕ್ಕೆ ಮೊದಲು ಸ್ನೇಹ ಬೇಕಲ್ಲ? ಮುಖಕ್ಕೆ ನಗು ಅಂಟಿಸಿಕೊಂಡಳು. ಅವನೋ, ಕರೆಯುವುದೇ ತಡ, ದಿನಾ ಮಧ್ಯಾಹ್ನ ಹಾಜರು.

"ನನಗಿದು ತಲೆಬುಡ ಅರ್ಥವಾಗಲ್ಲ ಕಣ್ರೀ," ಎಂದಳು ಒಂದು ದಿನ, ಆ ಕಾಲದ ಒಂದು ವಿಚಿತ್ರ ಆಲ್ಬಂ ತಿರುಗುತ್ತಿರುವಾಗ.

"ಹಾಡು ಹುಡುಕ್ಬೇಡಿ. ಕೋಣೆ ಹುಡುಕಿ," ಎಂದ ಅವನು. "ಡ್ರಮ್ಮು ಎಷ್ಟು ದೂರದಲ್ಲಿದೆ? ಗೋಡೆ ಎಲ್ಲಿದೆ? ಹಾಂ, ಈಗ... ಯಾರೋ ಕುರ್ಚಿ ಎಳೆದ್ರು. ಅದನ್ನ ಅಳಿಸಬಹುದಿತ್ತು. ಬೇಕು ಅಂತಲೇ ಬಿಟ್ಟಿದ್ದಾರೆ."

ಅವಳು ಕಣ್ಣು ಮುಚ್ಚಿದಳು. ಅಬ್ಬಾ... ಗದ್ದಲದೊಳಗೆ ನಿಜವಾಗಿಯೂ ಒಂದು ಕೋಣೆ ಇತ್ತು! ನಾಲ್ವರು ಇದ್ದರು, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದರು. ಕಣ್ಣು ತೆರೆದರೆ ಅವನು ಅವಳನ್ನೇ ನೋಡುತ್ತಿದ್ದ. ಇಬ್ಬರೂ ಗಡಿಬಿಡಿಯಿಂದ ಬೇರೆ ಕಡೆ ತಿರುಗಿದರು.

'ಥೂ! ಇಷ್ಟು ಚೆನ್ನಾಗಿ ಕೇಳೋಕೆ ಬರೋನು ಅಪ್ಪನಿಗ್ಯಾಕೆ ಹಾಗೆ ನಕ್ಕ?' ಮನಸ್ಸು ಕರಗಿದಷ್ಟೂ ಸಿಟ್ಟು ಗಟ್ಟಿಯಾಯಿತು.

ಅವಳು ಕೇಳಿದ್ದೇ ತಡ, ಅವನು ತನ್ನ ರೇಡಿಯೋ ಕಾರ್ಯಕ್ರಮವನ್ನು ಅಂಗಡಿಯಿಂದಲೇ ನಡೆಸಲು ಒಪ್ಪಿದ್ದ. ಭಾನುವಾರ ಬೆಳಗ್ಗೆ ಅಂಗಡಿ ತುಂಬಿತು. ಪ್ರತಿಯೊಬ್ಬರೂ ತಮ್ಮದೊಂದು ರೆಕಾರ್ಡು ತಂದಿದ್ದರು. ಮೈಕು ಅವನ ಮುಂದಿತ್ತು, ನೇರ ಪ್ರಸಾರ ಶುರುವಾಗಿತ್ತು. ಅರವತ್ತರ ದಶಕದ ಕಳೆದುಹೋದ ಆಲ್ಬಂ ಎಂದು ಹೇಳಿ ಅವಳು ಟೇಪು ಹಾಕಿದಳು. ಗುಡುಗುಡು, ಕಿರ್‍ರ್, ಹಾಕ್ಷೀ! ಜನ ಗಂಭೀರವಾಗಿ ತಲೆ ಅಲ್ಲಾಡಿಸಿದರು. ಅವನು ಮಾತ್ರ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

"ಹೇಗಿದೆ?" ಎಂದಳು.

"ಇದನ್ನ ಮಾಡಿದವರಿಗೆ ಯಾರ ಮೇಲೋ ತುಂಬಾ ಸಿಟ್ಟಿದೆ," ಎಂದ ನಿಧಾನವಾಗಿ. "ಆದ್ರೆ ಚೆನ್ನಾಗಿದೆ. ನನಗೆ ಇಷ್ಟವಾಯ್ತು."

ಸಿಕ್ಕಿಬಿದ್ದ!

"ಇದು ನಮ್ಮನೆ ಬಟ್ಟೆ ಒಗೆಯೋ ಮೆಷಿನ್ನು!" ಎಂದು ಮೈಕಿಗೇ ಹೇಳಿದಳು. "ಸೀನಿದ್ದು ನಮ್ಮತ್ತೆ! ಇವರ ಜ್ಞಾನ ಇಷ್ಟೇ ನೋಡಿ!"

ಅಂಗಡಿ ಗೊಳ್ಳೆಂದಿತು. ಅತ್ತೆ ಚಪ್ಪಾಳೆ ತಟ್ಟಿದರು. ಅವನ ಮುಖ ಕೆಂಪಾಗಿ, ಆಮೇಲೆ ಬಿಳುಚಿಕೊಂಡಿತು.

"ಕಣ್ಣಿನ ಚಿತ್ರದ ರೆಕಾರ್ಡು ನಮ್ಮಪ್ಪನದು! ಎಮ್ಮೆ ಅಂದ್ರಲ್ಲ... ಅವತ್ತಿನಿಂದ ಅವರು ಕೆಲಸಾನೇ ಬಿಟ್ಟಿದ್ದಾರೆ. ನಗಿ ಈಗ, ನಗಿ!"

ಒಂದು ವರ್ಷ ಕಾದಿದ್ದ ಗಳಿಗೆ ಇದು. ಆದರೆ ಹಾಳಾದ್ದು, ಖುಷಿಯೇ ಆಗಲಿಲ್ಲ.

ಅವನು ಎದ್ದು ಹೋಗಲಿಲ್ಲ. ತನ್ನ ಚೀಲದಿಂದ ಒಂದು ಬಿಳಿ ಕವರು ತೆಗೆದ. "ಇವತ್ತು ನಾನು ತಂದಿರೋ ರೆಕಾರ್ಡು ಇದೇ," ಎಂದ, ಮೈಕಿನ ಹತ್ತಿರ ಬಾಗಿ. "ಕೇಳುಗರೇ, ಇದನ್ನ ನಾನು ತಪ್ಪು ವೇಗದಲ್ಲಿ ಹಾಕಿದ್ದೆ. ದೊಡ್ಡ ರೆಕಾರ್ಡು ಅಂದ್ರೆ ನಿಮಿಷಕ್ಕೆ ಮೂವತ್ತಮೂರು ಸುತ್ತು ಅನ್ನೋ ಅಭ್ಯಾಸ. ಇದು ನಲವತ್ತೈದರದ್ದು. ಮಾಮೂಲಿ ಹಾಡಾಗಿದ್ರೆ ತಕ್ಷಣ ಗೊತ್ತಾಗ್ತಿತ್ತು. ಇದರಲ್ಲಿ ಗೊತ್ತಾಗ್ಲಿಲ್ಲ. ಕೈತಪ್ಪಿ ವೇಗದ ಗುಂಡಿ ಒತ್ತಿದ ದಿನದಿಂದ ಇವರನ್ನ ಹುಡುಕ್ತಿದ್ದೀನಿ."

ವೇಗದ ಗುಂಡಿ ಒತ್ತಿ, ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ.

ನರಳಾಟ ಎಲ್ಲಿ ಹೋಯಿತು? ಪಿಯಾನೋದ ತಂತಿಗಳು ಕಿಣಿಕಿಣಿ ಎಂದವು. ಹೊಲಿಗೆ ಯಂತ್ರ ಕುದುರೆಯ ಹಾಗೆ ಓಡಿತು. ಹಿಂದೆಲ್ಲೋ ನಾಲ್ವರು ಹುಡುಗರು ತಡೆಯಲಾರದೆ ನಗುತ್ತಿದ್ದರು. ಆ ನಗೆಗಳಲ್ಲಿ ಒಂದು ಅವಳಿಗೆ ಗೊತ್ತಿದ್ದ ನಗೆ. ಅಂಗಡಿಯಲ್ಲಿ ಯಾರೂ ಕೆಮ್ಮಲೂ ಇಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಪ್ಪ ಇಳಿದು ಬಂದಿದ್ದರು.

"ಕವರು ಬದಲಾಯಿಸಿದ್ದು ಯಾರು?" ಎಂದರು. "ಯಾವ ವೇಗ ಅಂತ ಬರೆದಿದ್ದು ಹಳೇ ಕವರಿನ ಮೇಲೆ."

ಅವಳಿಗೆ ತಾನು ಹಾಕಿದ ಬಿಳಿ ಕವರು ನೆನಪಾಯಿತು. 'ನಾನು... ನನ್ನ ಕೈಯಿಂದಲೇ!'

"ಅಪ್ಪಾ, ಅವತ್ತೇ ಗೊತ್ತಾಗಿತ್ತಾ ನಿಮಗೆ? ಮತ್ತೆ ಯಾಕೆ ಹೇಳ್ಲಿಲ್ಲ?"

ಅಪ್ಪ ತಿರುಗುತ್ತಿದ್ದ ರೆಕಾರ್ಡಿನ ಕಡೆ ನೋಡಿದರು. "ಸರಿಯಾದ ವೇಗದಲ್ಲಿ ಕೇಳಿದ್ಮೇಲೂ ನಕ್ಕುಬಿಟ್ಟಿದ್ರೆ, ಪುಟ್ಟಿ?"

ಅವಳು ಅಪ್ಪನನ್ನು ತಬ್ಬಿಕೊಂಡು ಅತ್ತಳು. ಅಪ್ಪ ಅವಳ ಭುಜದ ಮೇಲಿಂದ ಅವನ ಕಡೆ ಕೈ ಆಡಿಸಿದರು. "ರೆಕಾರ್ಡು ತಿರುಗಿಸಿ ಹಿಂದುಗಡೆನೂ ಹಾಕಪ್ಪಾ. ಅದು ಇನ್ನೂ ಚೆನ್ನಾಗಿದೆ."

ಜನ ಹೋದರು. ಅಪ್ಪ, ಅತ್ತೆ ಮೇಲೆ ಹೋದರು. ಅವನು ಕುರ್ಚಿಗಳನ್ನು ಜೋಡಿಸುತ್ತಿದ್ದ.

"ಎಲ್ಲರ ಮುಂದೆ ನಿಮ್ಮ ಮಾನ ಕಳೆದೆ," ಎಂದಳು. "ತಪ್ಪು ನಂದೇ ಆಗಿತ್ತು."

"ವೇಗ ತಪ್ಪಿದ್ದು ನಿಮ್ಮಿಂದ ಇರಬಹುದು. ನಕ್ಕಿದ್ದು ನಾನು. ಪೂರ್ತಿ ಕೇಳೋ ಮೊದಲೇ ನಕ್ಕೆ."

"ಮೆಷಿನ್ ಸದ್ದು ಚೆನ್ನಾಗಿದೆ ಅಂದ್ರಲ್ಲ... ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ಮೆಷಿನ್ನು ಅಂತ ಶುರುವಿನಲ್ಲೇ ಗೊತ್ತಾಯ್ತು." ಅವನು ನೆಲ ನೋಡಿದ. "ಸೀನಿದ ಮೇಲೆ ಯಾರೋ ನಗು ಬಿಗಿಹಿಡಿದು ಉಸಿರು ಎಳ್ಕೊಂಡ್ರು. ಅದು ನೀವು. ದಿನಾ ಪಕ್ಕದಲ್ಲೇ ಕೂತಿರ್ತೀನಲ್ಲ, ಆ ಉಸಿರು ನನಗೆ ಗೊತ್ತಾಗಲ್ವಾ?"

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನಾನು ಅಂತ ಗೊತ್ತಿದ್ದೂ..."

"ನೀವು ಅಂತ ಗೊತ್ತಾಗಿದ್ದಕ್ಕೇ ಇಷ್ಟವಾಯ್ತು ಅಂದೆ. ಅದನ್ನ ಹೇಳೋಕೆ ಬೇರೆ ದಾರಿ ಗೊತ್ತಿರ್ಲಿಲ್ಲ... ಸಿಟ್ಟು ಇನ್ನೂ ಇದ್ಯಾ?"

"ಇದೆ!" ಎಂದಳು, ಕಣ್ಣೊರೆಸಿಕೊಳ್ಳುತ್ತಾ. "ಅಷ್ಟು ಸುಲಭಕ್ಕೆ ಹೋಗಲ್ಲ. ವರ್ಷಗಟ್ಟಲೆ ಇರತ್ತೆ."

"ಹಾಗಾದ್ರೆ ವರ್ಷಗಟ್ಟಲೆ ಬರ್ತೀನಿ."

"ಬರೋದೇನು, ದಿನಾ ಹೋಗಿ ಬರೋದು..." ಅವಳು ಅವನ ಕೈಯಿಂದ ಕುರ್ಚಿ ಕಸಿದುಕೊಂಡು ತನ್ನ ಕುರ್ಚಿಯ ಪಕ್ಕಕ್ಕೆ ಹಾಕಿದಳು. "ಇಲ್ಲೇ ಇದ್ದುಬಿಡಿ."