ನೀರು ಬಿದ್ದಾಗ ಕಾಣುವ ಮುಖ

"ಯಾರ್ರೀ ಅದು, ಚಿತ್ರಕ್ಕೆ ಸಮುದ್ರದ ನೀರು ಸುರೀತಿರೋದು? ಉಪ್ಪು ಕಚ್ಚಿದ್ರೆ ಕಲ್ಲೆಲ್ಲ ಏಳುತ್ತೆ!"

ಫ್ರೋಸೂ ಕೊಡ ಕೆಳಗಿಟ್ಟಳು. ಪಾಫೋಸ್ ಊರಿನ ಕಡಲ ದಂಡೆಯಲ್ಲಿ ಪಾಳುಬಿದ್ದ ಪುರಾತನ ಮನೆಯೊಂದರ ನೆಲವನ್ನು ಗುಡಿಸುವವಳು ಅವಳು. ಕೂಗಿದವನು, ಕಿತ್ತುಹೋದ ಕಲ್ಲುಚೂರುಗಳನ್ನು ಕೂರಿಸಲು ಹೊಸದಾಗಿ ಬಂದ ಹಂಬಿಸ್.

"ಒಣಗಿದ್ರೆ ಮುಖ ಕಾಣಲ್ವಲ್ಲ."

ನೆಲದ ತುಂಬ ಬಣ್ಣದ ಕಲ್ಲುಚೂರಿನ ಚಿತ್ರ, ಹಳೆಯ ಗ್ರೀಕ್ ಪುರಾಣದ್ದು. ದಡದಲ್ಲಿ ನಿದ್ದೆಹೋದ ಅರಿಯಾದ್ನೆ. ಅವಳನ್ನು ಬಿಟ್ಟು ಹಡಗು ಹತ್ತುತ್ತಿರುವ ಅವಳ ಪ್ರಿಯಕರ ಥೀಸಿಯಸ್. ನೀರು ಬಿದ್ದರೆ ಅವನ ಮುಖ ಬೂದಿಯೊಳಗಿನ ಕೆಂಡದ ಹಾಗೆ ಮೇಲೇಳುತ್ತಿತ್ತು. ಥೇಟ್ ಯಾಂಗೋಸನ ಮುಖ. ಫ್ರೋಸೂ ಜೊತೆ ಮದುವೆ ಗೊತ್ತಾದ ಬೇಸಿಗೆಯಲ್ಲೇ ಯುದ್ಧಕ್ಕೆ ಹೋದವನು. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ನೀರು ಆರುವಾಗ ಯಾರೋ ತನ್ನ ಹೆಸರು ಹಿಡಿದು ಕರೆದಂತಾಗಿ, ಫ್ರೋಸೂ ಮತ್ತೆ ಸುರಿಯುತ್ತಿದ್ದಳು.

ಮರುದಿನದಿಂದ ಹಂಬಿಸನೇ ಬಾವಿಯ ಸಿಹಿನೀರು ತಂದಿಡತೊಡಗಿದ.

"ನನ್ನ ಮುಖಕ್ಕೂ ಸ್ವಲ್ಪ ಚಿಮುಕಿಸಿ ನೋಡಿ. ಅಷ್ಟೇನೂ ಕೆಟ್ಟದಾಗಿಲ್ಲ."

"ಮೊದ್ಲು ಮೂಗಿನ ಮೇಲಿನ ಸುಣ್ಣ ತೊಳ್ಕೊಳ್ಳಿ."

ನಕ್ಕವಳೇ ಬೆಚ್ಚಿ ಕಡಲ ಕಡೆ ನೋಡಿದಳು, ಅಲ್ಲಿ ಯಾರಿಗೋ ಕೇಳಿಸಿತೇನೋ ಎಂಬಂತೆ.

ಕೆಲಸ ಮುಗಿಯುತ್ತ ಬಂದಾಗ ಹಂಬಿಸ್ ತಲೆ ಎತ್ತದೆ ಕೇಳಿದ: "ನನ್ ಜೊತೆ ಬಂದ್ಬಿಡ್ತೀಯಾ?"

"ಅವನಿಗೆ ಇನ್ನೂ ಗೋಧಿ ಬೇಯಿಸಿಲ್ಲ."

ಸತ್ತವರಿಗಾಗಿ ಗೋಧಿ ಬೇಯಿಸಿ, ದಾಳಿಂಬೆ, ಸಕ್ಕರೆ ಬೆರೆಸಿ, ಚರ್ಚಿನಲ್ಲಿ ಹೆಸರು ಓದಿಸಿ ಹಂಚಬೇಕು. ಹಂಚಿದರೆ ಸತ್ತನೆಂದು ಒಪ್ಪಿದ ಹಾಗೆ. ಯಾಂಗೋಸನ ತಾಯಿ ಲೆಂಗೂ ಇನ್ನೂ ಊಟಕ್ಕೆ ಅವನ ತಟ್ಟೆ ಇಡುತ್ತಿದ್ದಳು.

ಆ ಸಂಜೆ ಫ್ರೋಸೂ ಮುದುಕಿಯ ಮುಂದೆ ಗೋಧಿಯ ಪಾತ್ರೆ ಇಟ್ಟು ಕೂತಳು.

"ಒಲೆಗಿಟ್ರೆ ನನ್ ಮಗನ್ನ ನೀನೇ ಕೊಂದ ಹಾಗೆ ಕಣೇ."

"ಹಾಗಾದ್ರೆ ಇಡಲ್ಲಮ್ಮ."

ದೀಪ ಹಚ್ಚುವ ಹೊತ್ತಾದರೂ ಫ್ರೋಸೂ ಏಳದೆ ಗೋಧಿಯೊಳಗಿನ ಕಲ್ಲು ಆರಿಸುತ್ತಿದ್ದಳು. ಆಮೇಲೆ ಮುದುಕಿ ಎದ್ದು ಒಂದು ದಾಳಿಂಬೆ ತಂದು ಬಿಡಿಸತೊಡಗಿದಳು. "ಸಕ್ಕರೆ ಕೈಬಿಚ್ಚಿ ಹಾಕು. ನನ್ ಮಗನಿಗೆ ಸಿಹಿ ಅಂದ್ರೆ ಪ್ರಾಣ."

ಸತ್ತವರನ್ನು ನೆನೆಯುವ ಶನಿವಾರ ಫ್ರೋಸೂ ಚರ್ಚಿನಿಂದ ನೇರ ಬಂದು ಹಂಬಿಸನ ಅಂಗೈಗೆ ಒಂದು ಹಿಡಿ ಗೋಧಿ ಹಾಕಿದಳು. ಅವನು ಟೋಪಿ ತೆಗೆದ. "ದೇವರು ಅವನನ್ನ ಕ್ಷಮಿಸಲಿ," ಎಂದು ವಾಡಿಕೆಯ ಮಾತು ಹೇಳಿ ಮೆಲ್ಲಗೆ ತಿಂದ.

"ಸಿಹಿ ಜಾಸ್ತಿ."

"ಅದು ಅವನ ಪಾಲು. ನಿಂದು ಬೇರೆ ಇದೆ."

ಆಗಷ್ಟೇ ತೊಳೆದ ನೆಲದಲ್ಲಿ ಥೀಸಿಯಸನ ಮುಖ ಆರುತ್ತಿತ್ತು. ಮತ್ತೆ ಯಾರೋ ಹೆಸರು ಹಿಡಿದು ಕರೆದಂತಾಯಿತು. ಅವಳ ಮುಖ ನೋಡಿ ಹಂಬಿಸ್ ಕೊಡಕ್ಕೆ ಕೈ ಚಾಚಿದ.

ಸಕ್ಕರೆ ಮೆತ್ತಿದ ಆ ಕೈಯನ್ನು ಫ್ರೋಸೂ ಹಿಡಿದುಕೊಂಡಳು.

"ಬೇಡ. ಒಣಗಲಿ."