ಕೇಳುವ ಕುರ್ಚಿ

“ನನಗ ಭೂಗರ್ಭಶಾಸ್ತ್ರ ಓದೋ ಆಸೆ ಐತಿ. ನಮ್ಮ ಸೀಮಿ ನೆಲದಾಗಿನ ನೀರು ಎಲ್ಲಿ ಅಡಗೇತಿ ಅಂತ ತಿಳೀಬೇಕು. ಆದ್ರ ನಮ್ಮ ಸರ್‌ಗೆ ಹೆಂಗ ಹೇಳಲಿ? ರಸಾಯನಶಾಸ್ತ್ರಾನ ತಗೊ ಅಂದಬಿಟ್ಟಾರ.”

“ಹೂಂ, ಮುಂದ ಹೇಳು,” ಎಂದಿತು ಕುರ್ಚಿ.

ಅರೆತೆರೆದ ಬಾಗಿಲಾಚೆ ನಿಂತಿದ್ದ ಪ್ರೊಫೆಸರ್ ಮಮದಾಪುರರ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಆ ವಿಶ್ವವಿದ್ಯಾಲಯದಲ್ಲಿ ಪ್ರತಿ ವಿದ್ಯಾರ್ಥಿಗೂ ದಾರಿ ತೋರಿಸಲು ಒಬ್ಬ ಪ್ರಾಧ್ಯಾಪಕರಿರುತ್ತಾರೆ. ಒಳಗೆ ಕೂತಿದ್ದ ನೀಲಾಂಬಿಕಾ, ಎಲ್ಲರ ಬಾಯಲ್ಲಿ ನೀಲಾ, ಅವರ ಪಾಲಿಗೆ ಬಂದವಳು. ಎರಡು ವರ್ಷದಲ್ಲಿ ಅವರೆದುರು ‘ಹೌದ್ರಿ ಸರ್’ ಬಿಟ್ಟು ಇನ್ನೊಂದು ಮಾತಾಡಿದವಳಲ್ಲ. ಇಲ್ಲಿ ನೋಡಿದರೆ ಅರಳು ಹುರಿದಂತೆ ಮಾತು! ಅವಳು ತಮ್ಮ ರಸಾಯನಶಾಸ್ತ್ರ ವಿಭಾಗಕ್ಕೇ ಬರಬೇಕೆಂದು ಅವರು ಎಂದೋ ನಿಶ್ಚಯಿಸಿದ್ದರು. ಅವಳಂಥ ಚುರುಕು ಬುದ್ಧಿಯವಳು ಇತ್ತೀಚೆಗೆ ಅವರ ಕೈಗೆ ಸಿಕ್ಕಿರಲಿಲ್ಲ. ವಿಷಯ ಆರಿಸಿಕೊಳ್ಳಲು ಅಂದೇ ಕೊನೆಯ ದಿನ.

ಯಾರಿಗೆ ಯಾವ ವಿಷಯ ಹೊಂದುತ್ತದೆಂದು ಹೇಳಲು ಮಾಡಿದ ಆ ಕುರ್ಚಿಯ ಬಟ್ಟೆಯಲ್ಲಿ ಕೂದಲೆಳೆಯಂಥ ತಂತಿಗಳಿದ್ದವು. ಕೂತವರ ಎದೆಬಡಿತ, ಉಸಿರಿನ ಏರಿಳಿತ ಹಿಡಿದು, ಯಾವ ವಿಷಯದ ಹೆಸರೆತ್ತಿದಾಗ ಮನಸ್ಸು ಅರಳಿತು, ಯಾವುದಕ್ಕೆ ಮುದುಡಿತು ಎಂದು ಅವು ಅಳೆಯುತ್ತಿದ್ದವು. ಅದನ್ನು ಕಟ್ಟಿದ ಯಾಸ್ಮಿನ್ ಮುಲ್ಲಾ ಮಮದಾಪುರರ ಹಳೆಯ ಶಿಷ್ಯೆ. ಅದೊಂದು ಬೇರೆ ಉರಿ. ಅರವತ್ತರ ಹೊಸ್ತಿಲಲ್ಲಿ ಒಂದು ಪೀಠೋಪಕರಣವನ್ನು ಕಂಡು ಕರುಬುವುದೇ? ಛೇ! ಆದರೆ ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ?

ನೀಲಾ ಹೋದದ್ದೇ ತಡ, ಅವರು ಯಾಸ್ಮಿನ್‌ಳ ಪ್ರಯೋಗಾಲಯಕ್ಕೆ ನುಗ್ಗಿದರು.

“ಏನವ್ವಾ, ಹುಡುಗರ ತಲಿ ಕೆಡಸಾಕ ಹತ್ತೇತಲ್ಲ ನಿನ್ನ ಯಂತ್ರ! ನನ್ನ ಹುಡುಗಿಗೆ ಅದು ಏನ ಹೇಳ್ತು?”

ಯಾಸ್ಮಿನ್ ತಲೆ ತಗ್ಗಿಸಿದಳು. “ಏನೂ ಹೇಳಿಲ್ರಿ ಸರ್. ಹೋದ ತಿಂಗಳು ಸಿಡಿಲು ಬಡದಾಗ ತಂತಿ ಎಲ್ಲಾ ಸುಟ್ಟಾವು. ‘ಹೂಂ, ಮುಂದ ಹೇಳು’ ಅನ್ನೋದೊಂದು ಉಳದೈತಿ ನೋಡ್ರಿ.”

“ಮತ್ತ ಹುಡುಗರು ಯಾಕ ಸಾಲು ಹಚ್ಚತಾರ?”

“ಸುಟ್ಟೈತಿ ಅಂತ ಬಾಗಿಲಿಗೆ ಬರದು ಹಚ್ಚೀನ್ರಿ, ನೀವು ನೋಡಿಲ್ಲೇನ್ರಿ? ಓದಿದ ಮ್ಯಾಲೂ ಬರತಾರ. ಕುಂತು ಮಾತಾಡತಾರ, ಎದ್ದು ಹೋಗತಾರ.”

ಕೆಟ್ಟೇಹೋಗಿದೆ ಯಂತ್ರ ಎಂದು ಮಮದಾಪುರರ ಮನಸ್ಸು ಒಂದು ಕ್ಷಣ ಕುಣಿಯಿತು. ಕುಲಪತಿಗಳಿಗೆ ಈಗಲೇ ಹೇಳಬೇಕು! ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಕುಣಿತ ನಿಂತಿತ್ತು. ಮಹಾಯಂತ್ರಕ್ಕೆ ಸೋತರೆ ಸೋತೆನೆಂದು ಹೇಳಿಕೊಳ್ಳಬಹುದು. ತಾನು ಸೋತದ್ದು ಕೆಟ್ಟುಹೋದ ಕುರ್ಚಿಗೆ. ಹೊಟ್ಟೆಕಿಚ್ಚು ಮೊದಲಿಗಿಂತ ಜೋರಾಗಿ ಉರಿಯಿತು.

ಕೋಣೆಗೆ ಬಂದರು. ಅವರ ಮೇಜಿನೆದುರಿಗೂ ಒಂದು ಕುರ್ಚಿಯಿತ್ತು, ಅದರ ಮೇಲೆ ಧೂಳು ಹಿಡಿದ ಉತ್ತರಪತ್ರಿಕೆಗಳ ಕಟ್ಟು. ಸಿಟ್ಟಿನಿಂದಲೇ ಕಟ್ಟನ್ನು ನೆಲಕ್ಕಿಳಿಸಿ, ಕರವಸ್ತ್ರದಿಂದ ಧೂಳು ಒರೆಸಿದರು.

ಸಂಜೆ ನೀಲಾ ಬಂದಳು.

“ಬಾರವ್ವಾ. ಕುಂದ್ರು.”

ಅವಳು ಗಾಬರಿಯಾಗಿ ಕುರ್ಚಿಯನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. “ಇರ್ಲಿ ಬಿಡ್ರಿ ಸರ್, ನಿಂದರತೀನಿ.”

“ಯಾವ ವಿಷಯ ಆರಿಸಿದಿ?”

“ರಸಾಯನಶಾಸ್ತ್ರರಿ ಸರ್. ನೀವು ಹೇಳಿದ್ದ.”

ಅವರಿಗೆ ಬೇಕಾದ ಮಾತು. ಮೇಜಿನ ಪರದೆಯ ಮೇಲೆ ಒಪ್ಪಿಗೆಯ ಗುಂಡಿ ಬೆರಳ ತುದಿಯಲ್ಲೇ ಇತ್ತು, ಒತ್ತಿದರೆ ಹುಡುಗಿ ತಮ್ಮವಳು. ಆ ಮುರುಕು ಕುರ್ಚಿಗೆ ಸಿಕ್ಕ ಮಾತು ತಮಗೆ ಸಿಗಲಿಲ್ಲವಲ್ಲ ಎಂಬ ಸಂಕಟ ಬಿಡಲಿಲ್ಲ. ಬೆರಳು ಹಿಂದೆ ಸರಿಯಿತು.

“ಹೂಂ,” ಎಂದರು. ಅನುಕರಿಸಲು ನಾಚಿಕೆಯಾಗುತ್ತಿತ್ತು. “ಮುಂದ ಹೇಳು.”

ನೀಲಾ ನಿಂತೇ ಇದ್ದಳು. ಅವರೂ ಎದ್ದು ನಿಂತು ಕಾದರು. ಇಬ್ಬರ ನಡುವೆ ಕುರ್ಚಿ ಖಾಲಿಯಿತ್ತು. ಅದಕ್ಕೆ ತಂತಿಯಿಲ್ಲ, ವಿದ್ಯುತ್ತು ಬೇಡ. ಅವರು ನೌಕರಿಗೆ ಸೇರಿದ ಎರಡು ಸಾವಿರದ ಇಪ್ಪತ್ತಾರನೇ ಇಸವಿಯಿಂದಲೂ ಅದು ಅಲ್ಲೇ ಇತ್ತು.